ಆಟದೊಳಗಿನ ಅಜ್ಜಿಯ ಬಾಯಿ

ಸ್ನೇಹಿತರೇ, ಇವತ್ತು ಕೊಚ್ಚಿಯ ನಮ್ಮ ಆಫೀಸಿನಲ್ಲಿ ಒಬ್ಬ ಅಜ್ಜಿಯ ಬಾಯಿ ಮುಚ್ಚಿಸಿದೆ.

ನಾವು ಮಾಡುತ್ತಿರುವುದು ಕಥೆ ಓದುತ್ತಾ, ಉತ್ತರ ಆರಿಸುತ್ತಾ ಆಡುವ ವಿಡಿಯೋ ಗೇಮ್. ಅದರ ಕನ್ನಡದ ಮಾತುಗಳನ್ನು ಬರೆಯುವವಳು ನಾನು, ಧಾರವಾಡದವಳು. ಆಟದಲ್ಲಿ ಕೆಲಸ ಕಳೆದುಕೊಂಡು ಮನೆಗೆ ಬಂದ ಮೊಮ್ಮಗಳಿಗೆ ಅಜ್ಜಿ, "ಯಾಕವಾ, ಮಾರಿ ಸಣ್ಣ ಮಾಡ್ಕೊಂಡೀ? ಮೊದ್ಲ ಒಂದ್ ತುತ್ತು ಉಣ್ಣು, ಆಮ್ಯಾಲ ಅಳುವಂತಿ" ಎನ್ನುತ್ತಾಳೆ.

ಪ್ರಯೋಗಕ್ಕೆಂದು ಆಡಿದವರ ಅಭಿಪ್ರಾಯಗಳು ಬೆಳಿಗ್ಗೆ ಬಂದವು. ಚಿತ್ರ ಚೆಂದ, ಸಂಗೀತ ಚೆಂದ, ಅಜ್ಜಿ ಮಾತ್ರ ನಕಲಿ. "ಹೀಗೆಲ್ಲ ಯಾರೂ ಮಾತಾಡಲ್ಲ" ಎಂದು ಬೆಂಗಳೂರಿನವನೊಬ್ಬ ಬರೆದಿದ್ದ.

ಟೀಮ್ ಲೀಡ್ ಅನೂಪ್‌ಗೆ ಕನ್ನಡ ಬರುವುದಿಲ್ಲ. "ಒರು ಲೈನ್ ಅಲ್ಲೇ, ಚೇಚೀ. ಜಸ್ಟ್ ಚೇಂಜ್ ಇಟ್" ಎಂದ, ಒಂದು ಸಾಲು ತಾನೇ ಅಕ್ಕಾ, ಬದಲಿಸಿಬಿಡಿ ಎಂದು. ನಮ್ಮ ಮನೆಯಲ್ಲಿ ಹೀಗೇ ಮಾತಾಡುತ್ತಿದ್ದರು ಎಂದೆ. ಆಡುವವರು ನಿಮ್ಮ ಮನೆಗೆ ಬಂದಿಲ್ಲವಲ್ಲ ಎಂದ.

"ಊಟ ಮಾಡು ಮಗಳೇ, ಎಲ್ಲ ಸರಿಹೋಗುತ್ತದೆ" ಎಂದು ತಿದ್ದಿಕೊಟ್ಟೆ. ಎಲ್ಲರೂ ಒಪ್ಪಿದರು.

ಆ ಬೆಂಗಳೂರಿನವನ ಮೇಲಿನ ಸಿಟ್ಟು ಬಸ್ಸಿನಲ್ಲಿ ಕೂತಾಗ ಇಳಿಯಿತು. ನನ್ನ ಜೊತೆ ಹಾಗೆ ಮಾತಾಡುತ್ತಿದ್ದವಳು ನನ್ನವ್ವ ಒಬ್ಬಳೇ. ಹೋದ ಶ್ರಾವಣದಲ್ಲಿ ತೀರಿಕೊಂಡಳು. ಅವನ ವಿಮರ್ಶೆಯಲ್ಲಿ ತಪ್ಪೇನಿಲ್ಲ. ಹೀಗೆಲ್ಲ ಈಗ ಯಾರೂ ಮಾತಾಡುವುದಿಲ್ಲ.