ನಾ ತೆಗದ ಫೋಟೋ, ಅವನ ಹೆಸರು

ಸತ್ತವರ ಮ್ಯಾಲೆ ಸಿಟ್ಟು ಇಟ್ಕೋಬಾರದು ಅಂತಾರ. ನಾ ಇಟ್ಕೊಂಡೇನಿ. ಅವ ಸತ್ತು ಎಷ್ಟೋ ವರ್ಷ ಆತು, ನನ್ನ ಸಿಟ್ಟು ಎಳ್ಳಷ್ಟೂ ಕಮ್ಮಿ ಆಗಿಲ್ಲ. ಯಾಕಂತ ಹೇಳ್ತೇನಿ, ಕೇಳ್ರಿ.

ಗಜೇಂದ್ರಗಡದ ಪ್ಯಾಟ್ಯಾಗ ಅವಂದೊಂದು ಫೋಟೋ ಸ್ಟುಡಿಯೋ ಇತ್ತು. ನಾ ಅಲ್ಲಿ ಕೆಲಸಕ್ಕ ಸೇರಿದಾಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನನಗ ಇಪ್ಪತ್ನಾಕು. ಅವಗ ಕೆಲಸಕ್ಕ ಹೆಣ್ಮಗಳ ಯಾಕ ಬೇಕಾಗಿದ್ಲು ಅಂದ್ರ, ಕುಬುಸದ ಕಾರ್ಯದಾಗ ಬಸರಿ ಹೆಣ್ಮಗಳ ಮುಂದ ಗಂಡಸು ಕ್ಯಾಮೆರಾ ಹಿಡಕೊಂಡು ನಿಂತ್ರ ಮುದುಕ್ಯಾರು ಹೊರಗ ಹಾಕ್ತಿದ್ರು. ಹಿಂಗಾಗಿ ನನಗ ಕ್ಯಾಮೆರಾ ಕಲಿಸಿದ. ಕಲಿಸಿದ್ದು ಖರೇ, ಅದನ್ನ ನಾ ಇಲ್ಲ ಅನ್ನೂದಿಲ್ಲ.

ಅವನ ಹತ್ರ ರೀಲಿನ ಕ್ಯಾಮೆರಾ ಎರಡು ಇದ್ವು. ಹೊಸಾದಕ್ಕ ಗೇಣುದ್ದದ ಜೂಮ್ ಲೆನ್ಸ್. ಅದನ್ನ ನಾ ಮುಟ್ಟಂಗಿಲ್ಲ. ಹಳೇದಕ್ಕ ಐವತ್ತರ ಸಣ್ಣ ಲೆನ್ಸ್, ಅದು ನನಗ. ಅದ್ರಾಗ ದೂರದ್ದು ಹತ್ರ ಬರೂದಿಲ್ಲ, ನಾವ ನಡಕೊಂಡು ಹತ್ರ ಹೋಗಬೇಕು. ಮಂದಿ ಮುಂದ ನಿಂತು, ಮಾತಾಡಿಸಿ, ಬೈಸ್ಕೊಂಡು ತೆಗೀಬೇಕು. ನನಗ ಅದ ಚಲೋ ಅನಸ್ತಿತ್ತು. ಕಾರ್ಯ ಮುಗದ ಮ್ಯಾಲೆ ರೀಲಿನ್ಯಾಗ ಎರಡು ಮೂರು ಉಳದಿದ್ರ ಓಣಿ, ಸಂತಿ, ಬಸ್ ಸ್ಟ್ಯಾಂಡ್ ತೆಗೀತಿದ್ನಿ. ರೋಣದಾಗ ಹಲ್ಲಿಲ್ಲದ ಅಜ್ಜ ಐಸ್ ಕ್ಯಾಂಡಿ ತಿನ್ನೂದು, ನರಗುಂದದಾಗ ಬಳಿ ಇಡಸೂ ಮುದುಕಿ ಗಿರಾಕಿ ಕೈ ಬಿಡದ ಜಗಳಾಡೂದು. ಒಮ್ಮೆ ಅವನ ಅಗಲ ಲೆನ್ಸ್ ಕೇಳಿ ಇಸ್ಕೊಂಡು ಹೋದ್ನಿ. ಅಂಗಡಿ ಗೋಡಿ ಎಲ್ಲಾ ಸೊಟ್ಟ ಬಂದು, ಮಂದಿ ಇರಿವಿ ಆದ್ರು. ವಾಪಸ್ ಕೊಟ್ಟುಬಿಟ್ನಿ. "ದೊಡ್ಡ ಶಹರದಾಗ ಹಿಂಗ ಓಣಿ ತೆಗೀತಾರಂತ, ನಮ್ಮ ಕಡೆ ಯಾರು ನೋಡ್ತಾರವಾ?" ಅಂತ ಅವ ನಗತಿದ್ದ.

ನಾವು ನೇಕಾರರು. ಸೀರಿಯ ಉದ್ದನೂಲಿಗೆ ನಾವು ಹಾಸು ಅಂತೇವಿ. ಅದನ್ನ ಓಣಿ ಉದ್ದಕ್ಕ ಚಾಚಿ, ಕುಂಚದಲೆ ಗಂಜಿ ಹಚ್ಚತೇವಿ. ಮುಂಜಾನೆ ಹೊತ್ತು ಹೊಂಡೂದ್ರಾಗ ಶುರು ಮಾಡಿ, ಬಿಸಲೇರೂದ್ರಾಗ ಮುಗಿಸಬೇಕು, ಇಲ್ಲಂದ್ರ ಗಂಜಿ ಲಗೂ ಒಣಗಿ ಎಳಿ ಕಡೀತಾವ. ಒಂದಿನ ಮುಂಜಾನೆ ನಮ್ಮ ಚಿಗವ್ವ, ಅಂದ್ರ ನಮ್ಮವ್ವನ ತಂಗಿ, ಹಾಸಿನ ಮ್ಯಾಲೆ ಬಗ್ಗಿ ಗಂಜಿ ಹಚ್ಚಾಕತ್ತಿದ್ಲು. ನಾ ಮಾರು ದೂರದಾಗ ಕುಕ್ಕರಗಾಲಿಲೆ ಕುಂತು, "ಚಿಗವ್ವಾ, ಮೂಗಿಗೆ ಗಂಜಿ ಹತ್ತೇತಿ" ಅಂದ್ನಿ. ತಲಿ ಎತ್ತಿ ನಕ್ಕಳು. ಗಂಡ ಸತ್ತ ಮ್ಯಾಲೆ ಆಕಿ ಹಂಗ ಬಾಯಿ ತುಂಬ ನಕ್ಕದ್ದು ನಾ ನೋಡಿದ್ದ ಇಲ್ಲ. ಓರೆ ಬಿಸಲು ಎಳಿ ಎಳಿ ಮ್ಯಾಲೆ ಬಿದ್ದಿತ್ತು. ಒತ್ತಿದ್ನಿ. ಆ ರೀಲು ತೊಳದು ಫೋಟೋ ಮೂಡಿದಾಗ ಕತ್ತಲಖೋಲ್ಯಾಗ ನಿಂತು ಅತ್ನಿ. ಇದು ನಂದು ಅಂತ ಅನ್ನೂವಂಥಾದ್ದು ನನ್ನ ಬಾಳಿನ್ಯಾಗ ಅದೊಂದ ಇತ್ತು.

ಮೂರು ತಿಂಗಳಾದ ಮ್ಯಾಲೆ ಗದಗಿನ ಒಂದು ಸ್ಪರ್ಧಾದಾಗ ಆ ಫೋಟೋಕ್ಕ ಮೊದಲನೇ ಬಹುಮಾನ ಬಂತು. ಅವನ ಹೆಸರಿನ್ಯಾಗ. ನನಗ ಒಂದು ಮಾತು ಹೇಳದ ಕಳಿಸಿಬಿಟ್ಟಿದ್ದ, ನಾ ಪೇಪರಿನ್ಯಾಗ ಓದಿ ತಿಳಕೊಂಡ್ನಿ. ಹೋಗಿ ಕೇಳಿದ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಕ್ಯಾಮೆರಾ ಯಾರದು? ರೀಲು ಯಾರದು? ನೀ ಬರೇ ಒತ್ತಿದಾಕಿ," ಅಂದ.

ಬರೇ ಒತ್ತಿದಾಕಿ! ಆ ಮಾತು ಎದ್ಯಾಗ ಮುಳ್ಳು ಮುರದಂಗ ಕುಂತ್ತು. ಅವತ್ತ ಕೆಲಸ ಬಿಡಬೇಕಾಗಿತ್ತು. ಬಿಡಲಿಲ್ಲ. ದೂರ ಹೋದ್ರ ಸೇಡು ತೀರಿಸ್ಕೊಳ್ಳೂದು ಹ್ಯಾಂಗ? ನಗನಗತಾ ಚಾ ತಂದು ಕೊಡಾಕ ಹತ್ತಿದ್ನಿ, ಹಲ್ಲು ಕಚ್ಚಿ ಕಾದ್ನಿ.

ಊರಿನ ವ್ಯಾಪಾರಸ್ಥರು ಅವಗ ಸನ್ಮಾನ ಇಟ್ಟರು. ಹಿಂದಿನ ದಿನ ಅವ ಗಲ್ಲ ತುರಿಸ್ಕೋತ ಬಂದು, "ಅದನ್ನ ಯಾವ ಹೊತ್ತಿನ್ಯಾಗ ತೆಗದಿದ್ದೆವಾ? ನಾಳೆ ನಾಲ್ಕು ಮಾತು ಆಡಬೇಕಲ್ಲ," ಅಂದ. ಅವ ಬ್ಯಾರೆ ಊರಿಂದ ಬಂದಾವ, ಹತ್ತಕ್ಕ ಎದ್ದು ಹನ್ನೊಂದಕ್ಕ ಬಾಗಲಾ ತೆಗ್ಯಾವ. ನಮ್ಮ ಓಣಿ ಮುಂಜಾನೆ ಹ್ಯಾಂಗಿರ್ತೈತಿ ಅಂತ ಒಂದಿನಾನೂ ಕಣ್ಣಿಲೆ ಕಂಡಾವಲ್ಲ. ಓರೆ ಬಿಸಲು ಫೋಟೋದಾಗ ನೋಡಿದ್ರ ಮುಂಜಾನಿಂದೋ ಸಂಜಿದೋ ತಿಳಿಯೂದಿಲ್ಲ.

"ಸಂಜಿ ಐದೂವರಿಗ್ರಿ ಮಾಲಕ್ರ," ಅಂದ್ನಿ. "ನಿಮ್ಮ ಜೂಮ್ ಲೆನ್ಸಿಲೆ ದೂರದಿಂದ ತೆಗದದ್ದು ಅಂತ ಹೇಳ್ರಿ. ಮಂದಿಗೆ ದೊಡ್ಡ ಕೆಲಸ ಅನಸ್ತೈತಿ."

"ಶಾಣ್ಯಾಕಿ ಅದಿ ನೀ," ಅಂತ ಹೊಗಳಿದ.

ಅವತ್ತ ನಮ್ಮ ಓಣ್ಯಾಗ ಮನಿ ಮನಿಗೆ ಹೋಗಿ ಹೇಳಿದ್ನಿ, ನಮ್ಮ ಚಿಗವ್ವನ ಫೋಟೋಕ್ಕ ಸನ್ಮಾನ ಐತಿ, ಎಲ್ಲಾರೂ ಬರ್ರಿ ಅಂತ. ಮುಂದಿನ ಎರಡು ಸಾಲು ತುಂಬ ನೇಕಾರರ ಬಂದು ಕುಂತ್ರು. ನಾ ಹಳೇ ಕ್ಯಾಮೆರಾ ಹಿಡಕೊಂಡು ವೇದಿಕಿ ಕೆಳಗ ನಿಂತಿದ್ನಿ.

ಅವಗ ಶಾಲು ಹೊಚ್ಚಿದ್ರು. ಮೈಕ್ ಹಿಡಿದ. "ಸಂಜಿ ಐದೂವರಿ ಆಗಿತ್ತು. ನಾ ದೂರ ಗ್ವಾಡಿ ಮರೀಗೆ ನಿಂತು, ಜೂಮ್ ಲೆನ್ಸ್ ಹಾಕ್ಕೊಂಡು ಕಾಯಾಕತ್ತಿದ್ದೆ. ಆವಾಗ ಹಾಸಿನ ಮ್ಯಾಲೆ ಗಂಜಿ ಹಚ್ಚಾಕ ಶುರು ಮಾಡಿದ್ರು..."

ಮುಂದಿನ ಸಾಲಿನ್ಯಾಗ ಗುಜುಗುಜು ಎದ್ತು. ಚಿಗವ್ವ ಸೆರಗು ಸರಿ ಮಾಡ್ಕೊಂಡು ಎದ್ದು ನಿಂತ್ಲು.

"ಸಂಜಿಮುಂದ ಯಾರು ಗಂಜಿ ಹಚ್ಚತಾರ್ರಿ ಅಣ್ಣಾರ? ಅದನ್ನ ಒಣಗಿಸೂದು ಯಾವಾಗ, ಬೆಳದಿಂಗಳಾಗೇನು? ಅಲ್ಲಿ ನಿಮ್ಮನ್ನ ನಾ ನೋಡೇ ಇಲ್ಲ. ನನ್ನ ಮಾರಿ ಮುಂದ ಕುಂತು ನಗಿಸಿ ತೆಗದಾಕಿ ಈಕಿ." ನನ್ನ ಕಡೆ ಕೈ ಮಾಡಿ ತೋರಿಸಿದ್ಲು.

ಮೊದಲಿಗೆ ನೇಕಾರರು ನಕ್ರು, ಆಮ್ಯಾಲೆ ಇಡೀ ಹಾಲ್ ನಕ್ಕುಬಿಡ್ತು. ಅವ ತೆರದ ಬಾಯಿ ಮುಚ್ಚಲಿಲ್ಲ. ಅವನ ಕಣ್ಣು ನನ್ನ ಹುಡುಕಿ ಬಂದು ನನ್ನ ಮ್ಯಾಲೆ ನಿಂತ್ವು. ಎರಡು ಹೆಜ್ಜಿ ಮುಂದ ಹೋಗಿ ಒತ್ತಿದ್ನಿ. ಹೊಟ್ಟಿ ತಣ್ಣಗಾತು ನೋಡ್ರಿ, ಸುಳ್ಳ್ಯಾಕ ಹೇಳ್ಲಿ. ರೀಲು ಬಿಚ್ಚಿ ನನ್ನ ಚೀಲದಾಗ ಹಾಕ್ಕೊಂಡು, ಕ್ಯಾಮೆರಾ ಅವನ ಮುಂದ ಇಟ್ಟು ಮನಿಗೆ ಬಂದ್ನಿ.

ಆದ್ರ ಆ ಬಹುಮಾನ ಅವನ ಕಡೆಯಿಂದ ಯಾರೂ ವಾಪಸ್ ಇಸ್ಕೊಳ್ಳಲಿಲ್ಲ. ನನ್ನ ಹೆಸರು ಎಲ್ಲೂ ಬರಲಿಲ್ಲ. ಅವನ ಅಂಗಡಿ ಗಾಜಿನ ಕಪಾಟಿನ್ಯಾಗ ಚಿಗವ್ವನ ಫೋಟೋದ ಕೆಳಗ ಅವನ ಹೆಸರ ಉಳೀತು.

ನಾ ರೋಣಕ್ಕ ಬಂದು ಒಂದು ಖೋಲಿ ಹಿಡಿದು ಸ್ಟುಡಿಯೋ ಹಾಕಿದ್ನಿ. ರೀಲು ಹೋಗಿ ಡಿಜಿಟಲ್ ಬಂತು. ಐದಾರು ವರ್ಷ ಕಳದ ಮ್ಯಾಲೆ ಒಂದಿನ ಮಧ್ಯಾಹ್ನ ಅವನ ಹೇಣ್ತಿ ನನ್ನ ಬಾಗಲಕ್ಕ ಬಂದು ನಿಂತ್ರು. ಅವ ಎದಿಬ್ಯಾನಿಯಿಂದ ಸತ್ತು ನಾಲ್ಕು ದಿನ ಆಗಿತ್ತಂತ.

"ಪೂಜಿಗೆ ಇಡಾಕ ಮನ್ಯಾಗ ಅವರದೊಂದು ಫೋಟೋ ಇಲ್ಲವಾ," ಅಂದ್ರು. "ಲಗ್ನದ್ದು ಗೆದ್ದಲ ತಿಂದೈತಿ. ಆಮ್ಯಾಲೆ ಎಲ್ಲಾ ಕಾರ್ಯದಾಗೂ ಅವರು ಕ್ಯಾಮೆರಾ ಹಿಂದನ ನಿಂತ್ರು. ಸನ್ಮಾನದಾಗ ನೀ ಒಂದು ತೆಗದಿದ್ದಿ ಅಂತ ಮಂದಿ ಅಂದ್ರು."

ನೆಗೆಟಿವ್ ನನ್ನ ಹತ್ರ ಇತ್ತು. ಕೊಡೂದಿಲ್ಲ ಅನ್ನೂ ಮಾತು ನಾಲಿಗಿ ತುದಿತನಾ ಬಂದು ನಿಂತ್ತು. ಅಷ್ಟ್ರಾಗ ಬ್ಯಾರೇದ ಹೊಳೀತು. ನಾಡದ್ದ ಬರ್ರಿ ಅಂತ ಕಳಿಸಿ, ಫೋಟೋ ದೊಡ್ಡದು ಮಾಡಿಸಿದ್ನಿ. ಮಾರಿ ಹ್ಯಾಂಗಿತ್ತೋ ಹಂಗ ಬಿಟ್ನಿ, ಒಂದು ಗೆರಿ ಸೈತ ತಿದ್ದಲಿಲ್ಲ. ಕೆಳಗ ಬಲಕ್ಕ, ಬಿಳೀ ಮಸಿಯಿಂದ, ದೂರ ನಿಂತ್ರೂ ಓದಾಕ ಬರೂಹಂಗ ನನ್ನ ಹೆಸರು ಬರದ್ನಿ.

ಅವರು ಬಂದು ಫೋಟೋ ಕೈಯಾಗ ಹಿಡದು ಭಾಳ ಹೊತ್ತು ನೋಡಿದ್ರು. "ಎಷ್ಟು ನಾಚ್ಕೊಂಡಾರ ನೋಡವಾ," ಅಂತ ಸೆರಗಿಲೆ ಕಣ್ಣು ಒರಸಿಕೊಂಡ್ರು. ಆಮ್ಯಾಲೆ ಕೈಬೊಟ್ಟು ಕೆಳಗ ಬಂತು. "ಇದು ಯಾರ ಹೆಸರು?"

"ನಂದ್ರಿ ಅಕ್ಕಾರ. ಫೋಟೋ ಯಾರು ತೆಗದಿರ್ತಾರ ಅವರ ಹೆಸರು ಬರೀತಾರ್ರಿ."

"ಹೌದೇನು? ಅವರು ಒಮ್ಮೆನೂ ಹೇಳಿದ್ದಿಲ್ಲ," ಅಂದ್ರು. ಪೇಪರಿನ್ಯಾಗ ಸುತ್ತಿ ಕೊಟ್ನಿ, ಎದಿಗೆ ಅವಚಿಕೊಂಡು ಮೆಟ್ಟಲಾ ಇಳದ್ರು.

ಮಾಲಿ ಹಾಕುವಾಗ ಆ ಹೆಸರು ಮುಚ್ಚಬ್ಯಾಡ್ರಿ ಅಂತ ಹಿಂದಿಂದ ಕೂಗಿ ಹೇಳಿದ್ನಿ.