ಕಾರಿನ ವಿರುದ್ಧ ಎದ್ದ ಕೈಗಳು

ನಮ್ಮ ಮಲಾಡಿನ ಬಿಲ್ಡಿಂಗಿನಲ್ಲಿ ನನ್ನ ಕಾರು ಹತ್ತದ ಮನೆಯವರು ಒಬ್ಬರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಿಟ್ಟಿಗೆ ಹೇಳುತ್ತಿದ್ದೇನೆ. ಯಾಕೆಂದರೆ ಅದೇ ಜನ ಒಂದು ಭಾನುವಾರ ಬೆಳಿಗ್ಗೆ ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ವೇಫರ್ಸ್ ತಿನ್ನುತ್ತ, ಆ ಕಾರನ್ನು ಗುಜರಿಗೆ ಹಾಕಿಸಬೇಕೆಂದು ಕೈ ಎತ್ತಿದರು. ವೇಫರ್ಸ್ ತಿಂದ ಎಣ್ಣೆಗೈ ಅವು. ನಾನು ಒಂದೊಂದನ್ನೂ ನೋಡಿದ್ದೇನೆ.

ನಾನು ಧಾರವಾಡದಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದವನು. ಕಾರು ಕೊಂಡದ್ದು ಸೆಕೆಂಡ್ ಹ್ಯಾಂಡ್. ಗೇರಿನ ಕಡ್ಡಿ ಸ್ಟಿಯರಿಂಗಿನ ಕೆಳಗೇ ಇರುತ್ತಿದ್ದ, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಇರುತ್ತಿದ್ದ ಆ ಕಾಲದ ಗಾಡಿ. ಬಣ್ಣ ಹಾಲು ಜಾಸ್ತಿಯಾದ ಚಹಾದ್ದು. ಆಗ ನಮ್ಮ ಕಂಪೌಂಡಿನಲ್ಲಿ ಒಂದಷ್ಟು ಸ್ಕೂಟರು, ಸೈಕಲ್ಲು ಬಿಟ್ಟರೆ ಬೇರೆ ಗಾಡಿಯೇ ಇರಲಿಲ್ಲ. ಆಫೀಸಿಗೆ ನಾನು ಹೋಗುತ್ತಿದ್ದದ್ದು ಎಲ್ಲರ ಹಾಗೆ ಲೋಕಲ್‌ನಲ್ಲಿ ಜೋತುಬಿದ್ದುಕೊಂಡು. ಹೀಗಾಗಿ ಕಾರು ಇದ್ದದ್ದೇ ಬಿಲ್ಡಿಂಗಿನವರ ಸಲುವಾಗಿ ಅಂದರೂ ನಡೆದೀತು. ಯಾರದೋ ಅಜ್ಜನಿಗೆ ಎದೆನೋವು ಬಂದರೆ, ಯಾರದೋ ಮಗಳನ್ನು ನೋಡಲು ಗಂಡಿನವರು ಬರುವುದಿದ್ದರೆ, ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದರು. ಬಿಲ್ಡಿಂಗಿನ ಗಣಪತಿ ಪ್ರತಿ ವರ್ಷ ಮಾರ್ವೆಯ ಸಮುದ್ರಕ್ಕೆ ಹೋಗುತ್ತಿದ್ದದ್ದೂ ನನ್ನ ಕಾರಿನಲ್ಲೇ. ದೇವರೇ ಹತ್ತಿದ ಗಾಡಿ ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ.

ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಒಂದು ಸಂಸಾರವಿತ್ತು. ಗಂಡ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವನು, ಬೆಳಗಿನ ಮೊದಲ ಲೋಕಲ್‌ಗೇ ಹೋಗಿಬಿಡುತ್ತಿದ್ದ. ಒಂದು ಬೆಳಿಗ್ಗೆ ಅವನು ಹೋದ ಮೇಲೆ ಹೆಂಡತಿಗೆ ಬೇನೆ ಶುರುವಾಯಿತು. ನನ್ನ ಹೆಂಡತಿ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಹಾರ್ನಿನಿಂದ ಕೈ ತೆಗೆಯದೆ ಓಡಿಸಿದೆ. ಆಸ್ಪತ್ರೆಯ ಗೇಟಿನೊಳಗೆ ಹೊಕ್ಕು ಸ್ಟ್ರೆಚರ್ ತರಿಸುವಷ್ಟರಲ್ಲಿ ಕೂಸು ಹುಟ್ಟೇಬಿಟ್ಟಿತ್ತು, ನನ್ನ ಕಾರಿನಲ್ಲಿ. ಮುಂದೆ ಆ ಹುಡುಗ ಗಾಡಿ ಓಡಿಸಲು ಕಲಿತದ್ದೂ ಅದರಲ್ಲೇ. ಈಗ ಅವನೇ ನಮ್ಮ ಸೊಸೈಟಿಯ ಸೆಕ್ರೆಟರಿ. ಗಂಡ ತೀರಿಕೊಂಡ ಮೇಲೆ ತಾಯಿ ಮಗನ ಜೊತೆ ಅದೇ ಮನೆಯಲ್ಲಿದ್ದಾಳೆ.

ನನ್ನ ಕಾರು ನನಗೆ ಕೈಕೊಟ್ಟದ್ದು ಕೂಡ ಅದೇ ತಾಯಿಯ ಎದುರಿಗೆ. ಹೋದ ವರ್ಷ ಬೇಸಿಗೆಯಲ್ಲಿ ಆಕೆಗೆ ಕಣ್ಣು ತೋರಿಸಲು ಪವಾಯಿಗೆ ಹೋಗಬೇಕಿತ್ತು. ಮಗ ಟ್ಯಾಕ್ಸಿ ಬುಕ್ ಮಾಡುತ್ತೇನೆ ಅಂದ. ನಾನಿರುವಾಗ ಟ್ಯಾಕ್ಸಿ ಯಾಕೆ ಅಂತ ನಾನೇ ಮುಂದೆ ಬಿದ್ದು ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ, ಏರಿನಲ್ಲಿ, ಮೊದಲು ಸುಟ್ಟ ವಾಸನೆ ಬಂತು. ಕಾರು ಕಾಯುವುದು ಇದೇ ಮೊದಲಲ್ಲವಲ್ಲ ಅಂತ ಸುಮ್ಮನೆ ಓಡಿಸಿದೆ. ಆಮೇಲೆ ಬಾನೆಟ್ಟಿನಿಂದ ಹೊಗೆ, ಅದರ ಹಿಂದೆಯೇ ಪಾತ್ರೆಯ ಗೂಡು ಕಳಚಿ ಬಿದ್ದಂಥ ಸದ್ದು, ಆಮೇಲೆ ಏನೂ ಇಲ್ಲ. ಕೀಲಿ ತಿರುಗಿಸಿದರೆ ಟಿಕ್ ಅಂದಿತು, ಅಷ್ಟೆ. ಹಿಂದಿನ ಬಸ್ಸು ಲಾರಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಆ ತಾಯಿ ಸೆರಗು ತಲೆಗೆ ಹೊದ್ದುಕೊಂಡು ಬಿಸಿಲಲ್ಲಿ ನಿಂತಳು.

"ಎಂತ ಮಾಡುದು ಅಣ್ಣಾ, ಅದಕ್ಕೂ ಪ್ರಾಯ ಆಯ್ತಲ್ಲ," ಅಂದಳು.

ನನಗೆ ಕಾರಿನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಇಷ್ಟು ವರ್ಷ ಸಾಕಿದ್ದೆ. ಬೆಳಿಗ್ಗೆ ನಾನು ಹಲ್ಲುಜ್ಜುವ ಮುಂಚೆ ಅದರ ಗಾಜು ಒರೆಸುತ್ತಿದ್ದೆ. ಕೆಡುವುದಿದ್ದರೆ ಕಂಪೌಂಡಿನಲ್ಲಿ ಕೆಡಬಹುದಿತ್ತು, ನಾನೊಬ್ಬನೇ ಇದ್ದಾಗ ಕೆಡಬಹುದಿತ್ತು. ಯಾರ ಮುಂದೆ ನನ್ನ ತಲೆ ಎತ್ತಿಸಿತ್ತೋ ಅವರ ಮುಂದೆಯೇ ತಗ್ಗಿಸಿತು. ಆಕೆಯನ್ನು ರಿಕ್ಷಾ ಹತ್ತಿಸಿ ಕಳಿಸಿ, ನಾನು ಫುಟ್‌ಪಾತಿನ ಮೇಲೆ ಕೂತು ಅದನ್ನು ನೋಡುತ್ತ ಬಾಯಿಗೆ ಬಂದ ಹಾಗೆ ಬೈದೆ.

ಮೆಕ್ಯಾನಿಕ್ ಇಂಜಿನ್ ಬಿಚ್ಚಿ ನೋಡಿ ಹೆಚ್ಚು ಮಾತಾಡಲಿಲ್ಲ. "ಸಾಬ್, ಪೂರಾ ಜಾಮ್ ಹೋ ಗಯಾ. ಅಬ್ ಛೋಡ್ ದೋ ಇಸ್ಕೋ," ಅಂದ. ಹಿಂದೆ ಎರಡು ಸಲ ಬೋರ್ ಮಾಡಿಸಿದ್ದರಿಂದ ಮತ್ತೆ ಕೊರೆಯಲು ಅದರಲ್ಲಿ ಜಾಗವಿಲ್ಲ, ಬೇರೆ ಇಂಜಿನ್ ಎಲ್ಲೂ ಸಿಗುವುದಿಲ್ಲ ಅಂತ ಅವನ ಲೆಕ್ಕ. ನಾನು ಬಿಡಲಿಲ್ಲ. ಟೋ ಮಾಡಿಸಿ ತಂದು ಕಂಪೌಂಡಿನಲ್ಲಿ ಅದರ ಜಾಗದಲ್ಲೇ ನಿಲ್ಲಿಸಿದೆ. ಪಾರ್ಟ್ಸ್ ಹುಡುಕುತ್ತಿದ್ದೇನೆ ಅಂತ ಕೇಳಿದವರಿಗೆಲ್ಲ ಹೇಳಿದೆ.

ಮೊದಲು ಒಂದು ಸಂಜೆ ಸುಮ್ಮನೆ ಒಳಗೆ ಹೋಗಿ ಕೂತೆ. ಮರುದಿನವೂ ಕೂತೆ. ಆಮೇಲೆ ಅದೇ ರೂಢಿಯಾಯಿತು. ರಿಟೈರ್ ಆದವನಿಗೆ ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ತನ್ನದು ಅಂತ ಒಂದು ಮೂಲೆ ಇರುವುದಿಲ್ಲ. ಅಡಿಗೆಮನೆ ಹೆಂಡತಿಯದು, ಹಾಲ್ ಟಿವಿಯದು, ಬೆಡ್‌ರೂಮಿನಲ್ಲಿ ಸಂಜೆ ಹೊತ್ತು ಮಲಗಿದರೆ ಆರೋಗ್ಯ ಸರಿ ಇಲ್ಲವಾ ಅಂತ ಕೇಳುತ್ತಾರೆ. ಕಾರಿನ ಬಾಗಿಲು ಹಾಕಿಕೊಂಡರೆ ಯಾರೂ ಏನೂ ಕೇಳುತ್ತಿರಲಿಲ್ಲ. ಪೇಪರ್ ಓದುತ್ತಿದ್ದೆ, ಕೆಲವೊಮ್ಮೆ ಓದದೆಯೂ ಕೂರುತ್ತಿದ್ದೆ, ಊಟದ ಹೊತ್ತಿಗೆ ಮೇಲೆ ಹೋಗುತ್ತಿದ್ದೆ. ಅದು ಓಡುವುದಿಲ್ಲ ಅನ್ನುವುದು ನಿಧಾನಕ್ಕೆ ನನಗೆ ಮುಖ್ಯವೇ ಅಲ್ಲದಂತಾಯಿತು. ಅದು ಹೋದರೆ ಈ ಇಷ್ಟು ದೊಡ್ಡ ಊರಿನಲ್ಲಿ ನನಗೆ ಕೂರಲು ಒಂದು ಜಾಗ ಇರುವುದಿಲ್ಲ ಅನ್ನುವುದಷ್ಟೇ ತಲೆಯಲ್ಲಿತ್ತು.

ಮಳೆಗಾಲ ಬಂತು. ಟೈರು ಕೂತವು, ಬಾನೆಟ್ಟಿನೊಳಗೆ ಹೆಗ್ಗಣ ಸೇರಿತು ಅಂತ ಒಬ್ಬರು, ಸೊಳ್ಳೆ ಮೊಟ್ಟೆ ಇಡುತ್ತಿದೆ ಅಂತ ಇನ್ನೊಬ್ಬರು ಗೊಣಗಿದರು. ಗೊಣಗಿದವರಲ್ಲಿ ಮಗಳ ಮದುವೆಗೆ ಇದೇ ಕಾರಿಗೆ ಹೂವಿನ ಹಾರ ಕಟ್ಟಿಸಿಕೊಂಡವರೂ ಇದ್ದರು. ವಾರ್ಷಿಕ ಸಭೆಯಲ್ಲಿ ಈ ವಿಷಯ ಇಡುತ್ತೇವೆ ಅಂತ ಸೆಕ್ರೆಟರಿ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ.

"ಅಂಕಲ್, ಈ ಸಲ ರೂಲ್ ಪ್ರಕಾರ ಹಾಂ. ಫ್ಲ್ಯಾಟ್ ಯಾರ ನಾಮ್ ಪೇ ಇದೆ, ಅವರದ್ದೇ ವೋಟ್. ಆಂಟಿನಾ ಕರ್ಕೊಂಡು ಬನ್ನಿ."

ಮನೆ ಇರುವುದು ನನ್ನ ಹೆಂಡತಿಯ ಹೆಸರಿನಲ್ಲಿ. ಕೊಳ್ಳುವಾಗ ಅವಳ ತವರಿನ ಬಂಗಾರ ಅದಕ್ಕೆ ಹೋಗಿತ್ತು, ಅದಕ್ಕೇ ಅವಳ ಹೆಸರಿಗೆ ಮಾಡಿಸಿದ್ದೆ. ಆದರೆ ಸಭೆಗೆ ಹೋಗಿ ಕೈ ಎತ್ತಿ ಬರುತ್ತಿದ್ದವನು ನಾನೇ, ಒಬ್ಬರೂ ಒಂದು ದಿನ ಯಾಕೆ ಅಂದಿರಲಿಲ್ಲ. ನನ್ನ ಸೀಟಿನಲ್ಲಿ ಹುಟ್ಟಿದವನು ನನಗೆ ರೂಲ್ ಕಲಿಸಲು ಬಂದ ಅಂತ ಮೈ ಉರಿಯಿತು. ಆದರೂ ಹೆದರಲಿಲ್ಲ. ನಮ್ಮ ಮನೆಯ ವೋಟ್ ಎಲ್ಲಿ ಹೋದೀತು ಅಂತ ಧೈರ್ಯವಿತ್ತು.

ಸಭೆಯ ಹಿಂದಿನ ದಿನ ಅವಳು ಕೊತ್ತಂಬರಿ ಸೋಸುತ್ತ ಕೂತಿದ್ದಾಗ ನಾನು ಎದುರಿಗೆ ಕುರ್ಚಿ ಎಳೆದುಕೊಂಡು ಪಾಠ ಮಾಡಿದೆ. "ನೋಡು, ಮೊದಲ ಸಲ 'ತೆಗೀಬೇಕು ಅನ್ನೋವರು' ಅಂತ ಕೇಳ್ತಾನ. ಆವಾಗ ಸುಮ್ನಿರು. ಎರಡನೇ ಸಲ 'ಬ್ಯಾಡ ಅನ್ನೋವರು' ಅಂತಾನ. ಆವಾಗ ಎತ್ತು. ತಿಳೀತಿಲ್ಲೋ?"

"ತಿಳೀತ್ರಿ," ಅಂದಳು. ಕೊತ್ತಂಬರಿಯಿಂದ ಕಣ್ಣು ಎತ್ತಲಿಲ್ಲ.

ಟೆರೇಸಿನ ಮೇಲೆ ನಾನು ಮುಂದಿನ ಸಾಲಿನಲ್ಲಿ ಕೂತೆ, ಅವಳು ಹಿಂದೆ ಹೆಂಗಸರ ಜೊತೆ ಕೂತಳು. ನೀರಿನ ಟ್ಯಾಂಕು, ವಾಚ್‌ಮನ್ನಿನ ಪಗಾರ ಎಲ್ಲ ಮುಗಿದು ನನ್ನ ಕಾರಿನ ಸರದಿ ಬಂತು. ನಾನು ಎದ್ದು ನಿಂತು ಮಾತಾಡಿದೆ. ಯಾರ್ಯಾರನ್ನು ಎಲ್ಲೆಲ್ಲಿಗೆ ಒಯ್ದಿದ್ದೆ ಅಂತ ಹೇಳಬಾರದು ಅಂದುಕೊಂಡು ಹೋದವನು, ಎಲ್ಲ ಹೇಳಿಬಿಟ್ಟೆ. ಕೆಲವರು ತಲೆ ಆಡಿಸಿದರು. "ಸಹೀ ಬಾತ್ ಹೈ," ಅಂತ ಒಬ್ಬರು ಅಂದರು. ನನಗೆ ಗೆದ್ದೆ ಅನ್ನಿಸಿತು.

ತೆಗೆಯಬೇಕು ಅನ್ನುವವರು ಯಾರು ಅಂತ ಸೆಕ್ರೆಟರಿ ಕೇಳಿದ. ಮೊದಲು ಒಂದು ಕೈ, ಆಮೇಲೆ ಪಕ್ಕದ್ದು, ಆಮೇಲೆ ಸಾಲಿಗೆ ಸಾಲೇ. ಸಹೀ ಬಾತ್ ಅಂದವರದ್ದೂ ಎದ್ದಿತು. ಕಣ್ಣಿಗೆ ಕಣ್ಣು ಕೊಟ್ಟವರು ಒಬ್ಬರಿಲ್ಲ. ಸೆಕ್ರೆಟರಿಯ ತಾಯಿಗೆ ವೋಟಿರಲಿಲ್ಲ, ಆಕೆ ತನ್ನ ಕಾಲುಂಗುರ ನೋಡುತ್ತ ಕೂತಿದ್ದಳು. ಅವನು ಎಣಿಸುತ್ತ ಎಣಿಸುತ್ತ ಒಮ್ಮೆಲೇ ನಿಂತು, ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿದ.

"ಆಂಟಿ?" ಅಂದ.

ತಿರುಗಿದೆ. ನನ್ನ ಹೆಂಡತಿ ಕೈ ಎತ್ತಿದ್ದಳು. ಅರ್ಧಂಬರ್ಧ ಅಲ್ಲ, ಬಸ್ಸು ನಿಲ್ಲಿಸುವವರ ಹಾಗೆ ನೆಟ್ಟಗೆ. ಪಾಪ, ಗೊಂದಲ ಮಾಡಿಕೊಂಡಳು ಅಂತಲೇ ನನಗೆ ಅನ್ನಿಸಿದ್ದು. ಇಳಿಸು ಅಂತ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಆಕೆಗೆ ಮೊದಲನೆಯದು ಎರಡನೆಯದು ತಿಳಿದಿಲ್ಲ, ಅದನ್ನು ಬಿಡು ಅಂತ ನಾನು ಸೆಕ್ರೆಟರಿಗೆ ಹೇಳಿದೆ. ಆಗ ಅವಳು ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ, "ನಹೀ ಬೇಟಾ, ಸಮಝ್ ಕೇ ಹೀ ಉಠಾಯಾ ಹೈ," ಅಂದಳು. ತಿಳಿದೇ ಎತ್ತಿದ್ದಂತೆ.

ಅವಳ ಕೈ ಬೇಕಾಗಿಯೂ ಇರಲಿಲ್ಲ. ಅದಿಲ್ಲದೆಯೂ ಅವರು ಗೆದ್ದಿದ್ದರು. ನನ್ನನ್ನು ಸುಟ್ಟದ್ದು ಅದೇ. ಬೇರೆಯವರದ್ದು ಹೋಗಲಿ, ಉಪಕಾರ ಮರೆಯುವುದು ಲೋಕಕ್ಕೆ ಹೊಸದಲ್ಲ. ಆದರೆ ಒಂದೇ ತಟ್ಟೆಯ ಊಟದವಳು, ಸುಮ್ಮನೆ ಕೂತಿದ್ದರೂ ಸಾಕಿತ್ತಲ್ಲ, ಅಷ್ಟು ಜನರೆದುರು ಬೆನ್ನಿಗೆ ಚೂರಿ ಹಾಕಿದಳು. ನಾನು ಮಾತು ಬಿಟ್ಟೆ. ಅವಳು ರೊಟ್ಟಿ ಬಡಿದು ಹಾಕಿದರೆ ತಿನ್ನುತ್ತಿದ್ದೆ, ಇನ್ನೊಂದು ಬೇಕೇ ಅಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದೆ. ಕೊನೆಗೆ ತಡೆಯಲಾರದೆ, ಯಾಕ ಹಂಗ ಮಾಡಿದಿ ಅಂತ ಕೇಳಿದೆ.

"ಸತ್ತದ್ದನ್ನ ಎಷ್ಟು ದಿನಾ ಕಾಯ್ಕೋತ ಕೂಡತೀರಿ?" ಅಂದಳು. ಅಷ್ಟೇ. ಇದು ಉತ್ತರವೇ ಅಲ್ಲ ಅಂತ ನಾನು ಎದ್ದು ಹೋಗಿ ಕಾರಿನಲ್ಲಿ ಕೂತೆ.

ಗುಜರಿಯವನು ಬಂದ ಬೆಳಿಗ್ಗೆ ಬಿಲ್ಡಿಂಗಿನಿಂದ ಒಬ್ಬರೂ ಕೆಳಗಿಳಿಯಲಿಲ್ಲ. ಆ ಜಾಗ ಸೆಕ್ರೆಟರಿಯ ಹೊಸ ಕಾರಿಗೆ ಹೋಗುತ್ತದೆ ಅಂತ ಅಷ್ಟರಲ್ಲಾಗಲೇ ಗೊತ್ತಾಗಿತ್ತು, ಆಶ್ಚರ್ಯವೇನೂ ಆಗಲಿಲ್ಲ. ನಾನು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದೆ. ಎಷ್ಟು ಸಲ ಬೈದಿದ್ದೆನೋ ಅಷ್ಟೂ ಮರೆತು ಕಣ್ಣು ತುಂಬಿ ಬಂತು. ಟೋ ಗಾಡಿಯವನು ಹಗ್ಗ ಬಿಗಿಯಲು ಬಗ್ಗಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನನ್ನ ಹೆಂಡತಿ ಬಂದಳು, ಅವನಿಗೆ ತಡಿ ಅಂತ ಕೈಸನ್ನೆ ಮಾಡಿ, ಸಿಕ್ಕಿಕೊಂಡಿದ್ದ ಮುಂದಿನ ಬಾಗಿಲನ್ನು ಎರಡು ಕೈಯಿಂದ ಜಗ್ಗಿ ತೆಗೆದು ಒಳಗೆ ಕೂತಳು. ಬಾಗಿಲು ಹಾಕಿಕೊಂಡಳು. ಗುಜರಿಯವರು ನೋಡುತ್ತಿದ್ದರು, ಏನು ಮಾಡಬೇಕೆಂದು ತಿಳಿಯದೆ ನಾನೂ ನನ್ನ ಸೀಟಿನಲ್ಲಿ ಹೋಗಿ ಕೂತೆ.

ಅವಳು ಮುಂದಿನ ಗಾಜಿನಿಂದ ನೋಡುತ್ತಿದ್ದಳು. ಎದುರಿಗೆ ಕಂಪೌಂಡಿನ ಗೋಡೆ, ಪಾಚಿ ಕಟ್ಟಿದ್ದು. ಗೋಡೆಗೆ ಒಂದು ಡ್ರೈನೇಜ್ ಪೈಪು. ಬೇರೇನೂ ಕಾಣುವುದಿಲ್ಲ ಅಲ್ಲಿಂದ.

"ಇಷ್ಟೇ ಏನ್ರಿ?" ಅಂದಳು.

ನಾನು ಸ್ಟಿಯರಿಂಗಿನ ಮೇಲಿನ ಧೂಳು ಒರೆಸಿದೆ.

"ದಿನಾ ಸಂಜೀಕ ಇಲ್ಲಿ ಏನ್ ನೋಡ್ತಾರ, ಏನ್ ಅದ ಇಲ್ಲೆ ಅಂತ ನಾ ಮ್ಯಾಲೆ ಕೂತು ಯೋಚನಿ ಮಾಡತಿದ್ದೆ. ಒಂದ್ ದಿನಾ ಕರೀತೀರಿ ಅಂತ ಸೀರಿ ಬದಲಿಸಿಕೊಂಡ್ ಕೂತದ್ದೂ ಅದ. ಬರೇ ಗೋಡಿ." ಗೋಡೆಯ ಕಡೆ ಕೈ ಮಾಡಿ, "ಗೋಡಿ ನೋಡಾಕ ನನ್ನ ಒಬ್ಬಾಕಿನ್ನ ಬಿಟ್ಟು ಬರತಿದ್ರಿ," ಅಂದಳು.

ಟೋ ಗಾಡಿಯವನು ಗಾಜು ತಟ್ಟಿದ. ಅವಳು ನನ್ನ ಕಡೆ ತಿರುಗಿದಳು. ಅವಳು ಕೈ ಎತ್ತಿದ್ದು ನನಗೆ ಮಾಡಿದ ಮೋಸ, ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ. ಆದರೆ ಅವತ್ತು ಟೆರೇಸಿನ ಮೇಲೆ ಅವಳ ಮಾತು ಕೇಳಿ ನಾನು ಅವಳನ್ನು ಹೇಗೆ ನೋಡಿದ್ದೆನೋ, ಅವಳು ನನ್ನನ್ನು ಹಾಗೆಯೇ ನೋಡುತ್ತಿದ್ದಳು. ಬಹಳ ದಿನದಿಂದ ಹಾಗೆ ನೋಡುತ್ತಿದ್ದವಳ ಹಾಗೆ. ನಾನು ಏನಾದರೂ ಹೇಳಲಿ ಅಂತ ಕಾದಳು, ಆಮೇಲೆ ಬಾಗಿಲು ತೆಗೆದು ಇಳಿದಳು.