ಸಾರಜನಕದ ಕ್ಯಾನಿನಲ್ಲಿ ರೂಪಾಳ ಕೂದಲು

ಇದನ್ನು ಬರೆಯಬೇಕೆಂದು ನಿವೃತ್ತಿಯಾದಾಗಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕಣ್ಣಿಗೆ ಪೊರೆ ಬಂದಿದೆ ಎಂದು ಒಂದು ವರ್ಷ ಮುಂದೂಡಿದೆ, ಕೈ ನಡುಗುತ್ತದೆ ಎಂದು ಇನ್ನೊಂದು ವರ್ಷ. ಹೆಂಡತಿಗೂ ಹೇಳಿಲ್ಲ.

ನ್ಯಾಮತಿ ಹೊಸದಾಗಿ ತಾಲ್ಲೂಕು ಕೇಂದ್ರವಾಗಿದ್ದ ಕಾಲ. ನಾನು ಸವಳಂಗದ ಸುತ್ತಲಿನ ಹಳ್ಳಿಗಳಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಿದ್ದೆ. ಓದಿದ್ದು ಹೈಸ್ಕೂಲು. ಕೆಲಸ ಕಲಿತದ್ದು ಚನ್ನಗಿರಿ, ಹೊನ್ನಾಳಿಗಳಲ್ಲಿ ಹಿರಿಯರ ಹಿಂದೆ ಓಡಾಡಿ. ಜನ ‘ಡಾಕ್ಟ್ರೇ’ ಅನ್ನುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಬೈಕಿನ ಹಿಂದೆ ಕಟ್ಟಿದ ಕ್ಯಾನಿನಲ್ಲಿ ದ್ರವ ಸಾರಜನಕ ಇರುತ್ತಿತ್ತು. ಸೊನ್ನೆಗಿಂತ ನೂರತೊಂಬತ್ತಾರು ಡಿಗ್ರಿ ಕೆಳಗಿನ ಆ ಚಳಿಯಲ್ಲಿ ಹೋರಿಯ ವೀರ್ಯ ತುಂಬಿದ ಕಡ್ಡಿಗಳು ವರ್ಷಗಟ್ಟಲೆ ಕೆಡುವುದಿಲ್ಲ. ಮುಚ್ಚಳ ತೆಗೆದರೆ ಬಿಳಿ ಹಬೆ ಚೆಲ್ಲುತ್ತದೆ. ನೋಡಿದವರು ಬೆರಗಾಗುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು.

ಹಾಲಮ್ಮ ಎರಡು ಎಮ್ಮೆ ಸಾಕಿದ್ದ ವಿಧವೆ. ಒಬ್ಬಳೇ ಮಗಳು ರೂಪ, ಪಿಯುಸಿ ಓದುತ್ತಿದ್ದಳು. ಇಲಾಖೆಯ ತರಬೇತಿಯೊಂದರಲ್ಲಿ ಕೇಳಿ ಬಂದದ್ದನ್ನು ಒಂದು ದಿನ ಅವರೆದುರು ಜಂಬದಿಂದ ಹೇಳಿದೆ: ಎಮ್ಮೆಯ ಕಿವಿಯಿಂದ ಚೂರು ಚರ್ಮ ತೆಗೆದು, ಅದರ ಜೀವಕೋಶದಿಂದ ಥೇಟ್ ಅದೇ ಎಮ್ಮೆಯಂಥ ಕರು ಹುಟ್ಟಿಸಿದ್ದಾರೆ, ಅದಕ್ಕೆ ಕ್ಲೋನಿಂಗ್ ಅನ್ನುತ್ತಾರೆ.

ರೂಪ ನಕ್ಕಳು. “ಸಾರ್, ನಂದೂ ಒಂದು ಮಾಡಿಕೊಡ್ರಿ. ಒಬ್ಬಳು ಕಾಲೇಜಿಗೆ ಹೋಗ್ತಾಳೆ, ಇನ್ನೊಬ್ಬಳು ಸಗಣಿ ಬಾಚ್ತಾಳೆ.”

“ಒಬ್ಬಳ ಬಾಯಿ ತಡೆಯಾಕೇ ಆಗ್ತಿಲ್ಲ, ಎಲ್ಡ್ ಬ್ಯಾರೆ ಬೇಕಾ?” ಅಂದಳು ಹಾಲಮ್ಮ.

ಆ ಮಳೆಗಾಲದಲ್ಲಿ ರೂಪ ಡೆಂಗಿ ಜ್ವರದಿಂದ ತೀರಿಕೊಂಡಳು.

ಕರ್ಮಾಂತರ ಮುಗಿದ ಮೇಲೆ ಹಾಲಮ್ಮ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಹಿಡಿದಳು. ಮಗಳ ಬಾಚಣಿಗೆಯಲ್ಲಿ ಉಳಿದಿದ್ದ ಕೂದಲು. “ಎಮ್ಮಿದು ಮಾಡಾಕೆ ಬರುತ್ತೆ ಅಂದ್ರೆ ಮನುಷ್ಯರದು ಯಾಕೆ ಬರಲ್ಲ ಡಾಕ್ಟ್ರೇ? ಇದನ್ನ ನಿಮ್ಮ ಚಳಿಯಾಗೆ ಇಡ್ರಿ.”

ಮನುಷ್ಯರನ್ನು ಹಾಗೆ ಯಾರೂ ಹುಟ್ಟಿಸಿಲ್ಲ, ನಮ್ಮ ದೇಶದಲ್ಲಿ ಅದಕ್ಕೆ ನಿಷೇಧವೂ ಇದೆ ಎಂದು ತರಬೇತಿಯಲ್ಲೇ ಹೇಳಿದ್ದರು. ಬಾಚಣಿಗೆಯ ಕೂದಲಲ್ಲಿ ಜೀವ ಉಳಿದಿರುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಆ ಮುಖಕ್ಕೆ ‘ಆಗಲ್ಲ’ ಅನ್ನಲಾರದೆ ಹೋದೆ. “ಈಗ ಬರಲ್ಲ ಹಾಲಮ್ಮ, ಮುಂದೆ ಬಂದರೂ ಬರಬಹುದು” ಅಂದೆ. ಗಂಟಿಗೆ ದಾರ ಕಟ್ಟಿ ಕ್ಯಾನಿಗೆ ಇಳಿಸಿದೆ. ಹಬೆ ಚೆಲ್ಲಿತು. ಅವಳು ಕೈ ಮುಗಿದಳು.

ನಾಲ್ಕು ದಿನದ ಸಮಾಧಾನ ಅಂದುಕೊಂಡಿದ್ದೆ. ಆದರೆ ಹೋದಾಗಲೆಲ್ಲ ಅವಳು ಮುಚ್ಚಳ ತೆಗೆಸುತ್ತಿದ್ದಳು. “ಚಳಿ ಆಗಲ್ವಾ ಅವಳಿಗೆ?” ಎಂದು ಒಮ್ಮೆ ಕೇಳಿದಳು. ಇಲ್ಲ ಅಂದೆ.

ಮರುವರ್ಷ ಜಗಳೂರು ಕಡೆ ಮದುವೆಯಾಗಿದ್ದ ಹಾಲಮ್ಮನ ತಂಗಿ ಹೆರಿಗೆಯಾದ ವಾರದಲ್ಲೇ ಸತ್ತಳು. ನಾನು ಎಮ್ಮೆ ನೋಡಲು ಹೋಗಿದ್ದ ದಿನವೇ ಆ ಹೆಣ್ಣು ಕೂಸಿನ ಅಜ್ಜಿ, ಅಪ್ಪನ ತಾಯಿ, ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಸಾವಾದ ಮನೆಗೆ ಕೂಸು ಬಂದರೆ ಹೋದವರೇ ಬಂದರು ಎಂದು ಅದೇ ಹೆಸರಿಡುವುದು ಅವರಲ್ಲಿ ರೂಢಿ. “ನಿನ್ನ ರೂಪನೇ ಬಂದಾಳೆ, ಎತ್ಕಳವ್ವಾ. ನನಗೆ ವಯಸ್ಸಾತು” ಅಂದಳು ಅಜ್ಜಿ.

ಹಾಲಮ್ಮ ಕೈ ಚಾಚಲಿಲ್ಲ. “ನನ್ನ ರೂಪ ಡಾಕ್ಟ್ರ ಹತ್ರ ಅದಾಳೆ. ಇದನ್ನ ಎತ್ಕಂಡ್ರೆ ಅವಳು ಬಂದಾಗ ಏನು ಹೇಳಲಿ?”

ಅಜ್ಜಿ ನನ್ನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಆದರೆ ಅದನ್ನು ಆಡಿದ್ದರೆ ‘ಡಾಕ್ಟ್ರೇ’ ಅನ್ನಿಸಿಕೊಂಡವನು ಎಲ್ಲರೆದುರು ಸುಳ್ಳುಗಾರನಾಗಬೇಕಿತ್ತು. ನಾನು ಎಮ್ಮೆಯ ಬೆನ್ನು ಸವರುತ್ತ ನಿಂತೆ. ಕೂಸು ಅಳುತ್ತಲೇ ಬಸ್ ಹತ್ತಿತು.

ಮುಂದೆ ಕ್ಯಾನ್ ತಪಾಸಣೆಗೆ ಬಂದ ಪಶುವೈದ್ಯರು ಗಂಟನ್ನು ಕಂಡು ವಿಷಯ ಕೇಳಿದರು. ಹೇಳಿದೆ. ಚಿಕ್ಕ ವಯಸ್ಸಿನವರು, ಸಿಟ್ಟಾಗಲಿಲ್ಲ. “ಒಂದು ವೇಳೆ ಆಗುವಂತಿದ್ದರೂ ಹುಟ್ಟೋದು ಬೇರೆ ಹುಡುಗಿ ರೀ. ಸತ್ತವಳ ಬದುಕನ್ನ ನೀನು ಬದುಕು ಅಂತ ಒಂದು ಕೂಸಿಗೆ ಹೇಳೋದು ಯಾವ ನ್ಯಾಯ?” ಅಂದರು.

ಅಂದೇ ಹಾಲಮ್ಮನ ಮನೆಗೆ ಹೋಗಿ ಗಂಟನ್ನು ಅವಳ ಕೈಗಿತ್ತು, ಎಲ್ಲ ಹೇಳಿ ತಪ್ಪಾಯಿತು ಅಂದೆ. ಅವಳು ಬೈಯಲಿಲ್ಲ. ಗಂಟನ್ನು ಎದೆಗೆ ಒತ್ತಿಕೊಂಡು, “ಅವತ್ತೇ ಅಂದಿದ್ರೆ ಕೂಸನ್ನ ಎತ್ಕಂತಿದ್ನಲ್ರೀ” ಅಂದಳು. ಮಾರನೇ ದಿನವೇ ಕೂಸನ್ನು ಕೇಳಲು ಜಗಳೂರಿಗೆ ಹೋದಳು. “ಅವತ್ತು ಬ್ಯಾಡ ಅಂದೋಳಿಗೆ ಇವತ್ತು ಹೆಂಗೆ ಕೊಡಾನ?” ಎಂದು ಅವರು ಬಾಗಿಲಿನಿಂದಲೇ ಕಳಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹಾಲಮ್ಮ ಹೋಗಿಬಿಟ್ಟಳು. ಅಜ್ಜಿಯೂ ಹೋದಳು. ಅಪ್ಪ ಇನ್ನೊಂದು ಮದುವೆಯಾಗಿ ದೂರವಾದ; ಮಗು ಚಿಕ್ಕಪ್ಪನ ಮನೆಯಲ್ಲಿ ಸ್ವಲ್ಪ ದಿನ, ಸೋದರತ್ತೆಯ ಮನೆಯಲ್ಲಿ ಸ್ವಲ್ಪ ದಿನ ಬೆಳೆಯಿತು.

ಹೋದ ವರ್ಷ ಧೈರ್ಯ ಮಾಡಿ ಜಗಳೂರಿಗೆ ಹೋದೆ. ಆ ಮಗು ಓದುವ ಶಾಲೆ ಆಗಷ್ಟೇ ಬಿಟ್ಟಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದವರ ನಡುವೆ ನಿಂತಿದ್ದೆ. ಶಾಲೆಯವರು ಅವಳನ್ನು ತೋರಿಸಿದರು; ಅವಳನ್ನು ಕರೆಯಲು ಯಾರೂ ಬಂದಿರಲಿಲ್ಲ. ನನ್ನನ್ನು ನೋಡಿ, “ನೀವು ಯಾರ ತಾತ?” ಅಂದಳು. ಯಾರ ತಾತನೂ ಅಲ್ಲ ಅಂದೆ. ತಲೆಯಾಡಿಸಿ ಹೋದಳು.

ಸಾವಿರಾರು ಕರುಗಳನ್ನು ಹುಟ್ಟಿಸಿದ ಕೆಲಸ ನನ್ನದು. ಒಂದೇ ಹೋರಿಯ ಕಡ್ಡಿಯಿಂದ ಹುಟ್ಟಿದವೂ ಒಂದರಂತೆ ಒಂದು ಇರಲಿಲ್ಲ, ಪ್ರತಿಯೊಂದೂ ತನ್ನ ಹಸಿವಿಗೆ ತಾನೇ ಕೂಗುತ್ತಿತ್ತು. ಇಷ್ಟು ಕಂಡಿದ್ದವನು, ಎದುರಿಗೆ ಅಳುತ್ತಿದ್ದ ಒಂದು ಕೂಸಿಗಾಗಿ ಬಾಯಿ ಬಿಡಲಿಲ್ಲ. ಇಲ್ಲದ ಜೀವವನ್ನು ಕಾಯುವ ನೆಪದಲ್ಲಿ ಇರುವ ಜೀವವನ್ನು ಹಿಂದಕ್ಕೆ ಕಳಿಸಬಾರದು ಎಂದು ಈ ಕೆಲಸ ನನಗೆ ಕಲಿಸಿತು. ತಡವಾಗಿ ಕಲಿತೆ. ಹಾಲಮ್ಮನ ಮುಂದೆ ತಪ್ಪಾಯಿತು ಅಂದಿದ್ದೇನೆ. ಆ ಮಗುವಿನ ಮುಂದೆ ಇನ್ನೂ ಅಂದಿಲ್ಲ. ಅವಳಿಗೆ ಯಾರೂ ರೂಪ ಎಂದು ಹೆಸರಿಡಲಿಲ್ಲ. ಅವಳ ಹೆಸರು ಚಂದನ.